ಸಭ್ಯರೂ ದಂಡಧರನೂ: ರಾಘವಾಂಕನ ಚಂದ್ರಮತೀಪ್ರಕರಣದ ವಿಮರ್ಶೆ

ಹಾಸನದ ಸೀಮೆಯಲ್ಲಿರುವ ಹಳೇಬೀಡು ಪೂರ್ವಕಾಲದಲ್ಲಿ ದೋರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿದ್ದಿತು. ಹರಿಹರಕವಿಯು ಹಂಪೆಯನ್ನು ಸೇರುವುದಕ್ಕೆ ಮೊದಲು ಆ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂಬ ಐತಿಹ್ಯವು ಸಾಹಿತ್ಯಾಭ್ಯಾಸಿಗಳಿಗೆ ವಿದಿತವಾಗಿದೆ. ಆತನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನ ಹರಿಶ್ಚಂದ್ರಕಾವ್ಯವು ಷಟ್ಪದೀಗ್ರಂಥಗಳಲ್ಲಿ ಅಗ್ರಗಣ್ಯವಾದವುಗಳಲ್ಲಿ ಒಂದೆಂಬುದನ್ನು ವಿದ್ವಾಂಸರೆಲ್ಲರೂ ಒಪ್ಪಿರುವರು. ಅದರ ಶ್ಮಶಾನಪ್ರಕರಣವನ್ನೂ, ಚಂದ್ರಮತಿಯ ಪ್ರಲಾಪವನ್ನೂ, ಖಡ್ಗವನ್ನೆತ್ತಿದ ಹರಿಶ್ಚಂದ್ರನ ಅಚಲತೆಯನ್ನೂ ಕೊಂಡಾಡಿದ ಬರಹಗಳು ಬೇಕಾದಷ್ಟಿವೆ. ಆದರೆ ಆ ಖಡ್ಗವು ಮೇಲೇಳುವುದಕ್ಕೆ ಮುಂಚೆ ನಡೆದುದೇನು, ಯಾರು ಯಾವ ಪ್ರಮಾಣದಿಂದ ಆಕೆಯನ್ನು ಕೊಲೆಗಾತಿಯೆಂದು ನಿರ್ಣಯಿಸಿದರು ಎಂಬ ಪ್ರಶ್ನೆಯು ವಿಮರ್ಶಕರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಪ್ರಕೃತ ಲೇಖನಕ್ಕೆ ಅದೇ ವಿಷಯ.

ಕಥೆಯ ಈ ಭಾಗವನ್ನು ಸಂಕ್ಷೇಪವಾಗಿ ಸ್ಮರಿಸಬಹುದು. ಹಾವು ಕಚ್ಚಿ ಸತ್ತ ಮಗ ಲೋಹಿತಾಶ್ವನನ್ನು ಹೊತ್ತು ಚಂದ್ರಮತಿಯು ರಾತ್ರಿಯಲ್ಲಿ ಕಾಶಿಯ ಸುಡುಗಾಡಿಗೆ ಬರುತ್ತಾಳೆ. ವೀರಬಾಹುಕನಿಗೆ ದಾಸನಾಗಿ ಸುಡುಗಾಡನ್ನು ಕಾಯುತ್ತಿದ್ದ ಹರಿಶ್ಚಂದ್ರನು, ತನ್ನ ಹೆಂಡತಿಯನ್ನೂ ಮಗನನ್ನೂ ಗುರುತಿಸಿದ ಮೇಲೆಯೂ, ಒಡೆಯನಿಗೆ ಸಲ್ಲಬೇಕಾದ ಸುಂಕವಿಲ್ಲದೆ ಸುಡಲು ಬಿಡುವುದಿಲ್ಲ. ಸುಂಕವನ್ನು ತರಲು ಹೊರಟ ಚಂದ್ರಮತಿಯು ಕತ್ತಲೆಯಲ್ಲಿ ಅನ್ಯರ ಕೈಯಿಂದ ಹತನಾಗಿದ್ದ ಕಾಶೀರಾಜನ ಮಗನ ಶವದ ಬಳಿ ಸಿಕ್ಕಿಬೀಳುತ್ತಾಳೆ. ಶವದೊಡನೆ ಸಿಕ್ಕಿದವಳೇ ಶಿಶುಘಾತಿನಿಯೆಂದು ರಾಜಭಟರು ಎಳೆದೊಯ್ಯುತ್ತಾರೆ. ರಾಜನು ವಧೆಯನ್ನು ವಿಧಿಸುತ್ತಾನೆ. ಆ ಆಜ್ಞೆಯು ವೀರಬಾಹುಕನ ಮೂಲಕ ಹರಿಶ್ಚಂದ್ರನ ಪಾಲಿಗೆ ಬರುತ್ತದೆ. ಕಡೆಯಲ್ಲಿ ವಿಶ್ವೇಶ್ವರನು ಪ್ರತ್ಯಕ್ಷನಾಗಿ ಸರ್ವವನ್ನೂ ಸರಿಪಡಿಸುತ್ತಾನೆ.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು ಸಹಜ. ಈ ಪ್ರಸಂಗವೆಲ್ಲವೂ ವಿಶ್ವಾಮಿತ್ರನು ಒಡ್ಡಿದ ಸತ್ಯಪರೀಕ್ಷೆಯ ಕೊನೆಯ ಮೆಟ್ಟಿಲು, ಕಾಶೀರಾಜನು ನಿಮಿತ್ತಮಾತ್ರನು, ಇಂಥ ಕಡೆಯಲ್ಲಿ ವ್ಯವಹಾರಶಾಸ್ತ್ರವನ್ನು ತಂದು ಸಾಕ್ಷಿ ಯಾರು, ಪ್ರಮಾಣ ಯಾವುದು ಎಂದು ಕೇಳುವುದು ಕಾವ್ಯಕ್ಕೆ ಸಲ್ಲದ ಕಾಠಿಣ್ಯವೆಂದು ಕೆಲವರು ಹೇಳಬಹುದು. ಈ ಆಕ್ಷೇಪಕ್ಕೆ ಸಮಾಧಾನವು ಕಥೆಯ ಪಾಠಭೇದಗಳಲ್ಲಿಯೇ ದೊರೆಯುತ್ತದೆ. ಮಾರ್ಕಂಡೇಯಪುರಾಣದ ಹರಿಶ್ಚಂದ್ರೋಪಾಖ್ಯಾನದಲ್ಲಿ ಈ ಕೊಲೆಯ ಆರೋಪವೇ ಇಲ್ಲ. ಅಲ್ಲಿ ಮಗನನ್ನು ಕಳೆದುಕೊಂಡ ದಂಪತಿಗಳು ಚಿತೆಯನ್ನು ಪ್ರವೇಶಿಸಲು ಸಿದ್ಧರಾದಾಗ ದೇವತೆಗಳು ಪ್ರತ್ಯಕ್ಷರಾಗುತ್ತಾರೆ. ದೇವೀಭಾಗವತದ ಏಳನೆಯ ಸ್ಕಂಧದಲ್ಲಿ ಆರೋಪವುಂಟು. ಆದರೆ ಆರೋಪಿಸುವವರು ಊರಿನ ಜನರು. ರಾತ್ರಿಯಲ್ಲಿ ಸತ್ತ ಮಗುವಿನೊಡನೆ ಅಳುತ್ತಿರುವ ಹೆಂಗಸನ್ನು ಕಂಡು ಆಕೆಯು ಮಕ್ಕಳನ್ನು ತಿನ್ನುವ ರಾಕ್ಷಸಿಯೆಂದು ಭಾವಿಸಿ, ಅವರೇ ಆಕೆಯನ್ನು ಹಿಡಿದು ಕೊಲ್ಲಿಸಲು ಒಯ್ಯುತ್ತಾರೆ. ರಾಘವಾಂಕನ ಕಾವ್ಯದಲ್ಲಿಯಾದರೋ ಹತನಾದವನು ರಾಜಪುತ್ರ, ದಂಡಿಸುವವನು ರಾಜ. ಸತ್ಯಪರೀಕ್ಷೆಯೊಂದೇ ಉದ್ದಿಷ್ಟವಾಗಿದ್ದರೆ ಇವುಗಳಲ್ಲಿ ಯಾವುದಾದರೂ ಸಾಕಾಗಿದ್ದಿತು. ಕನ್ನಡದ ಕಾವ್ಯದಲ್ಲಿ ಈ ಸಂಕಟವು ಅರಮನೆಯ ಆಜ್ಞೆಯ ರೂಪವನ್ನು ತಾಳಿರುವುದರಿಂದ, ಆಜ್ಞೆಯ ಯುಕ್ತಾಯುಕ್ತತೆಯನ್ನು ವಿಚಾರಿಸುವುದು ಕಾವ್ಯಕ್ಕೆ ಹೊರಗಾದ ಕೆಲಸವಲ್ಲ.

ಈ ವಿಚಾರಕ್ಕೆ ಒರೆಗಲ್ಲಾಗಿ ದೂರದ ಶಾಸ್ತ್ರವನ್ನು ಅರಸಬೇಕಾದುದಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ಕ್ರಿ. ಶ. ೧೦೭೬ರಿಂದ ೧೧೨೬ರವರೆಗಿನ ಅವಧಿಯಲ್ಲಿ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದನು. ರಾಘವಾಂಕನ ಕಾಲವನ್ನು ಕೆಲವರು ಹನ್ನೆರಡನೆಯ ಶತಮಾನದ ಉತ್ತರಾರ್ಧವೆಂದೂ ಕೆಲವರು ಹದಿಮೂರನೆಯದರ ಪೂರ್ವಾರ್ಧವೆಂದೂ ಹೇಳುವರು. ಹೇಗಾದರೂ ಮಿತಾಕ್ಷರೆಯು ಆತನಿಗೆ ಹಿಂದಿನದು, ಕನ್ನಡನಾಡಿನದು. ಅದರ ವ್ಯವಹಾರಾಧ್ಯಾಯವು ಆರಂಭದಲ್ಲಿಯೇ ರಾಜನು ವಿದ್ವಾಂಸರೊಡನೆ ಕೂಡಿ, ಕ್ರೋಧಲೋಭಗಳನ್ನು ಬಿಟ್ಟು, ಧರ್ಮಶಾಸ್ತ್ರಾನುಸಾರವಾಗಿ ವ್ಯವಹಾರಗಳನ್ನು ನೋಡಬೇಕೆಂದು ವಿಧಿಸುತ್ತದೆ. ಶತ್ರುಮಿತ್ರರಲ್ಲಿ ಸಮಬುದ್ಧಿಯುಳ್ಳ ಸತ್ಯವಾದಿಗಳಾದ ಸಭಾಸದರು ಇರಬೇಕು. ಕುಲಶೀಲವಯೋವೃತ್ತಗಳುಳ್ಳ, ಮಾತ್ಸರ್ಯವಿಲ್ಲದ ಕೆಲವರು ವರ್ತಕರೂ ಸಭೆಯಲ್ಲಿ ಕುಳಿತಿರಬೇಕೆಂಬ ಕಾತ್ಯಾಯನನ ಮತವನ್ನು ವಿಜ್ಞಾನೇಶ್ವರನು ಇಲ್ಲಿ ಸೇರಿಸಿಕೊಂಡಿದ್ದಾನೆ. ರಾಜನು ಅನ್ಯಾಯದ ದಾರಿಯನ್ನು ಹಿಡಿದಾಗ ಸುಮ್ಮನೆ ಹಿಂಬಾಲಿಸುವ ಸಭಾಸದರೂ ಪಾಪದಲ್ಲಿ ಭಾಗಿಗಳು, ಆದುದರಿಂದ ಅವರು ಆತನಿಗೆ ತಿಳಿವಳಿಕೆ ಹೇಳಬೇಕೆಂಬುದೂ ಅಲ್ಲಿಯೇ ಉಕ್ತವಾಗಿದೆ. ರಾಗಲೋಭಭಯಗಳಿಂದ ಸ್ಮೃತಿಗೆ ವಿರುದ್ಧವಾಗಿ ನಡೆದ ಸಭ್ಯರಿಗೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ದಂಡವಿದೆ.

ಇದಕ್ಕಿಂತಲೂ ಸ್ಪಷ್ಟವಾದುದು ಬೃಹಸ್ಪತಿಯ ವಿಭಾಗ. ಆತನು ಸಭೆಯ ಅಂಗಗಳನ್ನು ಎಣಿಸಿ, ಒಂದೊಂದಕ್ಕೂ ಬೇರೆಬೇರೆ ಕೆಲಸವನ್ನು ಹಂಚುವಾಗ, ನಿರ್ಣಯವನ್ನು ಉಚ್ಚರಿಸುವುದು ಅಧ್ಯಕ್ಷನ ಕೆಲಸ, ದಂಡಿಸುವುದು ರಾಜನ ಕೆಲಸ, ಕಾರ್ಯವನ್ನು ಪರೀಕ್ಷಿಸುವುದು ಸಭ್ಯರ ಕೆಲಸವೆಂದು ಹೇಳಿದ್ದಾನೆ. ಸಭ್ಯರ ಸಂಖ್ಯೆಯು ಏಳು, ಐದು ಅಥವಾ ಮೂರು. ನಡೆದುದು ಯಾವುದೆಂದು ತಿಳಿಯುವ ಬುದ್ಧಿಯೂ, ನಡೆದುದಕ್ಕೆ ತಕ್ಕ ಶಾಸನವನ್ನು ಮಾಡುವ ಅಧಿಕಾರವೂ ಬೇರೆಬೇರೆ ಕೈಗಳಲ್ಲಿರಬೇಕೆಂಬುದು ಈ ಹಂಚಿಕೆಯ ತಾತ್ಪರ್ಯ. ರಾಜನಲ್ಲಿ ಬಲವಿರುವುದರಿಂದ ದಂಡವು ಆತನಿಗೆ ಸೇರಿತು. ಬಲವಿದ್ದಲ್ಲಿ ಪಕ್ಷಪಾತವು ಸುಲಭವಾದುದರಿಂದ ಪರೀಕ್ಷೆಯು ಅನ್ಯರಿಗೆ ಸೇರಿತು.

ಈಗ ಕಾಶೀರಾಜನ ಆಜ್ಞೆಯನ್ನು ಈ ಒರೆಗಲ್ಲಿಗೆ ಹಚ್ಚಬೇಕು. ಹತನಾದವನು ರಾಜನ ಮಗನಾದುದರಿಂದ ರಾಜನೇ ವಾದಿ. ಆತನೇ ಕಾರ್ಯಪರೀಕ್ಷಕ, ಆತನೇ ಅಧ್ಯಕ್ಷ, ಆತನೇ ದಂಡಧರ. ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ನಿರ್ಣಯಗಳೆಂಬ ನಾಲ್ಕು ಪಾದಗಳುಂಟೆಂದು ಸ್ಮೃತಿಕಾರರು ಹೇಳುವರು. ಇಲ್ಲಿ ಮೊದಲನೆಯ ಪಾದದಿಂದ ಕೊನೆಯ ಪಾದಕ್ಕೆ ನೇರವಾಗಿ ನೆಗೆದಂತಾಗಿದೆ. ಶವದ ಬಳಿ ಸಿಕ್ಕಿದಳೆಂಬುದೊಂದೇ ಲಿಂಗ. ಅದರಿಂದಲೇ ಕೊಂದಳೆಂಬ ಅನುಮಾನ. ಶವದ ಬಳಿ ಕೊಂದವರೂ ಇರಬಹುದು, ಅಳುವವರೂ ಇರಬಹುದು, ದಾರಿಗರೂ ಇರಬಹುದಾದುದರಿಂದ ತರ್ಕಶಾಸ್ತ್ರರೀತ್ಯಾ ಇದು ವ್ಯಭಿಚಾರಿಯಾದ ಹೇತು. ಆಕೆಯ ಕೈಯಲ್ಲಿ ಆಯುಧವಿದ್ದಿತೆ, ಕೊಲ್ಲುವುದಕ್ಕೆ ಕಾರಣವೇನು, ಆ ರಾತ್ರಿ ಆಕೆಯು ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದಳು ಎಂದು ಮೂವರು ಸಭ್ಯರು ಕುಳಿತು ಕೇಳಿದ್ದರೆ ಸಾಕಾಗಿದ್ದಿತು. ಆಕೆಯನ್ನು ಕೊಂಡಿದ್ದ ಬ್ರಾಹ್ಮಣನ ಮನೆಯವರು ಆಕೆಯ ಮಗನು ಸತ್ತುದನ್ನು ಹೇಳುತ್ತಿದ್ದರು; ಆ ಮಗನ ದೇಹವೇ ಸುಡುಗಾಡಿನಲ್ಲಿ ಬಿದ್ದಿದ್ದಿತು.

ಎಲ್ಲಕ್ಕಿಂತ ಮುಖ್ಯವಾದ ಸಾಕ್ಷಿಯು ಇನ್ನೊಬ್ಬನಿದ್ದನು. ಚಂದ್ರಮತಿಯು ಸುಡುಗಾಡಿಗೆ ಬಂದುದನ್ನೂ, ಸುಂಕಕ್ಕಾಗಿ ಹಿಂದಿರುಗಿದುದನ್ನೂ ಕಣ್ಣಾರೆ ಕಂಡವನು, ಆಕೆಯನ್ನು ಕಳುಹಿಸಿದವನು ಹರಿಶ್ಚಂದ್ರನೇ. ಗಂಡನ ಸಾಕ್ಷ್ಯವು ಹೆಂಡತಿಯ ವಿಷಯದಲ್ಲಿ ಗ್ರಾಹ್ಯವೆ ಎಂದು ಕೇಳಬಹುದು. ಬಂಧುಗಳನ್ನು ಸಾಮಾನ್ಯವಾಗಿ ಸಾಕ್ಷಿಗಳಲ್ಲವೆಂದು ಬಿಟ್ಟ ಯಾಜ್ಞವಲ್ಕ್ಯನೇ ಕಳವು, ಪಾರುಷ್ಯ, ಸಾಹಸ ಮುಂತಾದ ವಿಷಯಗಳಲ್ಲಿ ಎಲ್ಲರೂ ಸಾಕ್ಷಿಗಳಾಗಬಹುದೆಂದು ವಿಧಿಸಿರುವನು. ಕೊಲೆಯು ಸಾಹಸಗಳಲ್ಲಿ ಮೊದಲನೆಯದು. ಆದುದರಿಂದ ಶಾಸ್ತ್ರವು ಹರಿಶ್ಚಂದ್ರನ ಬಾಯನ್ನು ಮುಚ್ಚಿರಲಿಲ್ಲ. ಆತನನ್ನು ಕೇಳುವವರಿರಲಿಲ್ಲ, ಅಷ್ಟೆ.

ಕಾವ್ಯದ ಹೃದಯವು ಇಲ್ಲಿಯೇ ಇದೆಯೆಂದು ಹೇಳಬೇಕು. ರಾಜ್ಯವನ್ನೂ ಹೆಂಡತಿಮಕ್ಕಳನ್ನೂ ತನ್ನನ್ನೂ ಮಾರಿಕೊಂಡು ಸತ್ಯವೊಂದನ್ನೇ ಉಳಿಸಿಕೊಂಡ ಪುರುಷನ ಕಥೆಯಿದು. ಸತ್ಯವನ್ನು ನುಡಿಯುವುದರಿಂದ ಒಂದು ಜೀವವು ಉಳಿಯಬಹುದಾದ ಸಮಯವು ಆತನ ಬಾಳಿನಲ್ಲಿ ಈ ವಿಚಾರಣೆಯಲ್ಲಿ ಬಂದಿತು. ಆಗ ಸತ್ಯವಂತನನ್ನು ಸತ್ಯವೇನೆಂದು ಯಾರೂ ಕೇಳಲಿಲ್ಲ. ಸಾಕ್ಷಿಯಾಗಬೇಕಾದವನು ಘಾತಕನಾಗಿ ನಿಯಮಿತನಾದನು. ಸಭೆಯಿದ್ದ ಪಕ್ಷದಲ್ಲಿ ಆತನ ಬಾಯಿಂದ ಬರಬೇಕಾಗಿದ್ದ ಉಪಕಾರವು, ಸಭೆಯಿಲ್ಲದುದರಿಂದ ಆತನ ಕೈಯಿಂದ ಆಗುವ ಅಪಕಾರವಾಗಿ ಮಾರ್ಪಟ್ಟಿತು. ಈ ವಿಪರ್ಯಾಸವನ್ನು ಲಕ್ಷಿಸದೆ ವಧಸ್ಥಾನದ ಕರುಣರಸವನ್ನು ಮಾತ್ರ ವರ್ಣಿಸುವುದು ಅರ್ಧವಿಮರ್ಶೆಯಾದೀತು.

ಚಂದ್ರಮತಿಯೇ ಏಕೆ ವಾದಿಸಿ ಬಿಡಿಸಿಕೊಳ್ಳಬಾರದೆಂದು ಕೇಳಿದರೆ, ಮಗನನ್ನು ಕಳೆದುಕೊಂಡು ಜೀವದಾಸೆಯನ್ನು ತೊರೆದವಳು ಸುಮ್ಮನಿದ್ದರೂ, ತಪ್ಪನ್ನು ಒಪ್ಪಿಕೊಂಡರೂ ಸಹ, ಆ ಮೌನವಾಗಲಿ ಆ ಒಪ್ಪಿಗೆಯಾಗಲಿ ಪ್ರಮಾಣವಾಗಲಾರದು. ಇದಕ್ಕೆ ಶಾಸ್ತ್ರಕಾರರು ಕೊಡುವ ದೃಷ್ಟಾಂತವು ಮಾಂಡವ್ಯನದು. ಕಳ್ಳರು ಕದ್ದ ಮಾಲನ್ನು ಆತನ ಆಶ್ರಮದಲ್ಲಿ ಬಚ್ಚಿಟ್ಟರು. ಮೌನವ್ರತದಲ್ಲಿದ್ದ ಋಷಿಯು ಉತ್ತರವನ್ನು ಕೊಡಲಿಲ್ಲ. ರಾಜನು ಆತನನ್ನೂ ಶೂಲಕ್ಕೇರಿಸಿದನೆಂದು ಮಹಾಭಾರತದ ಆದಿಪರ್ವವು ಹೇಳುತ್ತದೆ. ಮೈಸೂರಿನ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಲೀಯ ಅರ್ಥಶಾಸ್ತ್ರದಲ್ಲಿ ಅದೇ ಋಷಿಯು ಹಿಂಸೆಯ ಭಯದಿಂದ ತಾನು ಕಳ್ಳನೆಂದು ಒಪ್ಪಿಕೊಂಡವನೆಂದು ಉದಾಹೃತನಾಗಿದ್ದಾನೆ. ಆದುದರಿಂದಲೇ ಪ್ರಮಾಣಗಳು ಪೂರ್ಣವಾದ ಮೇಲೆ ದಂಡಿಸಬೇಕೆಂದು ಕೌಟಲ್ಯನ ನಿರ್ಣಯ. ಒಂದು ಪಾಠದಲ್ಲಿ ಮೌನ, ಇನ್ನೊಂದರಲ್ಲಿ ಒಪ್ಪಿಗೆ. ಎರಡರಲ್ಲಿಯೂ ನಿರಪರಾಧಿಗೆ ಶೂಲ. ಮಾಂಡವ್ಯನ ಹೆಸರನ್ನು ನಿದರ್ಶನವಾಗಿ ಇಟ್ಟುಕೊಂಡಿದ್ದ ಸಂಪ್ರದಾಯದಲ್ಲಿ ಚಂದ್ರಮತಿಯ ಕಥೆಯು ಹೊಸದಲ್ಲ.

ಕನ್ನಡದಲ್ಲಿಯೇ ಇದಕ್ಕೆ ಪ್ರತಿಯಾಗಿ ನಿಲ್ಲತಕ್ಕ ಇನ್ನೊಂದು ವಿಚಾರಣೆಯುಂಟು. ಚಾಲುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಸುಮಾರು ೧೦೩೧ರಲ್ಲಿ ವಸುಭಾಗಭಟ್ಟನ ಕೃತಿಯನ್ನನುಸರಿಸಿ ರಚಿಸಿದ ಪಂಚತಂತ್ರದಲ್ಲಿ ಧರ್ಮಬುದ್ಧಿ ದುಷ್ಟಬುದ್ಧಿಗಳ ಕಥೆಯು ಬರುತ್ತದೆ. ಇಬ್ಬರೂ ಸೇರಿ ಹೂಳಿಟ್ಟ ಹೊನ್ನನ್ನು ದುಷ್ಟಬುದ್ಧಿಯು ತಾನೇ ಕದ್ದು, ಧರ್ಮಬುದ್ಧಿಯ ಮೇಲೆ ಕಳವನ್ನು ಹೊರಿಸಿ, ಧರ್ಮಾಧಿಕರಣರ ಮುಂದೆ ಆಲದ ಮರವೇ ತನಗೆ ಸಾಕ್ಷಿಯೆನ್ನುತ್ತಾನೆ. ರಾತ್ರಿ ತನ್ನ ತಂದೆ ಪ್ರೇಮಮತಿಯನ್ನು ಆ ಮರದ ಪೊಟರೆಯಲ್ಲಿ ಅಡಗಿಸುತ್ತಾನೆ. ಧರ್ಮಾಧಿಕರಣರು ಮರದ ಬಳಿಗೆ ಬಂದು ಕೇಳಿದಾಗ ಮರದೊಳಗಿನಿಂದ ಸುಳ್ಳುಸಾಕ್ಷಿ ಬರುತ್ತದೆ. ಧರ್ಮಬುದ್ಧಿಯು ಪೊಟರೆಗೆ ಹೊಗೆಯಿಕ್ಕಿಸಿದಾಗ ಮರ್ಮವು ಬಯಲಾಗುತ್ತದೆ.

ಈ ಕಥೆಯ ಸಂಸ್ಕೃತಪಾಠವೊಂದರಲ್ಲಿ, ಆಲಕ್ಕೆ ಬದಲಾಗಿ ಶಮೀವೃಕ್ಷವಿರುವ ಪಾಠದಲ್ಲಿ, ಒಂದು ಸೂಕ್ಷ್ಮವಾದ ಅಂಶವಿದೆ. ಮರದ ಮಾತನ್ನು ಕೇಳಿದೊಡನೆಯೇ ಅಧಿಕಾರಿಗಳು ಧರ್ಮಬುದ್ಧಿಗೆ ಯಾವ ದಂಡವು ತಕ್ಕುದೆಂದು ಶಾಸ್ತ್ರವನ್ನು ನೋಡತೊಡಗಿದರು. ಅಷ್ಟರಲ್ಲಿ ಆತನು ಬೆಂಕಿಯನ್ನು ಹೊತ್ತಿಸಿದನು. ತತ್ತ್ವವು ನಿರ್ಣಯವಾಗುವುದಕ್ಕೆ ಮುಂಚೆಯೇ ಬುದ್ಧಿಯು ದಂಡದ ಕಡೆಗೆ ಓಡುವುದು ಅಧಿಕಾರದ ಸ್ವಭಾವವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಮರದ ವಾಣಿಯು ಒಂದು ಬಗೆಯ ದಿವ್ಯದಂತೆ ತೋರುತ್ತದೆ. ಮಾನುಷಪ್ರಮಾಣವು ದೊರೆಯದಲ್ಲಿ ಮಾತ್ರವೇ ದಿವ್ಯವನ್ನು ಆಶ್ರಯಿಸಬೇಕೆಂಬುದು ಮಿತಾಕ್ಷರೆಯ ಮತ. ಧರ್ಮಬುದ್ಧಿಯು ಮಾಡಿದುದೇನೆಂದರೆ, ದಿವ್ಯದ ವೇಷವನ್ನು ತೊಟ್ಟು ಬಂದುದನ್ನು ಮಾನುಷಪರೀಕ್ಷೆಗೆ ಒಳಪಡಿಸಿದುದು. ಆತನಿಗೆ ಪರೀಕ್ಷಿಸುವ ಅವಕಾಶವು ದೊರೆತುದು ವಿಚಾರಣೆಯು ಬಯಲಿನಲ್ಲಿ, ಹಲವರೆದುರಿನಲ್ಲಿ, ವಾದಿಯಲ್ಲದ ಅಧಿಕಾರಿಗಳ ಮುಂದೆ ನಡೆದುದರಿಂದ. ಚಂದ್ರಮತಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ದುರ್ಗಸಿಂಹನ ಅಧಿಕಾರಿಗಳು ರಾಘವಾಂಕನ ರಾಜನಿಗಿಂತ ಬುದ್ಧಿವಂತರೇನೂ ಅಲ್ಲ. ಅವರೂ ಮರದ ಬಳಿಗೆ ಬಂದು ಪ್ರಶ್ನೆ ಕೇಳಿದವರೇ. ಅವರ ತಪ್ಪು ತಿದ್ದುವುದಕ್ಕೆ ಎಡೆಯಿದ್ದಿತು, ಈತನ ತಪ್ಪು ತಿದ್ದುವುದಕ್ಕೆ ಎಡೆಯಿರಲಿಲ್ಲ.

ಸಭೆಯೆಂಬುದು ಗ್ರಂಥಗಳಲ್ಲಿ ಮಾತ್ರವಿದ್ದ ಆದರ್ಶವೆಂದು ಭಾವಿಸುವವರು ಹಾಸನದ ಸೀಮೆಯ ಶಾಸನಗಳನ್ನು ನೋಡಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ೧೩೬೮ರ ಶಾಸನವೊಂದಿದೆ. ಭಕ್ತರು ಮಾಡುತ್ತಿದ್ದ ಅನ್ಯಾಯಗಳನ್ನು ಜೈನರು ವಿಜಯನಗರದ ಬುಕ್ಕರಾಯನಿಗೆ ಬಿನ್ನೈಸಿದರು. ರಾಯನು ಏಕಾಂತದಲ್ಲಿ ಆಜ್ಞೆ ಮಾಡಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡುಗಳ ಶ್ರೀವೈಷ್ಣವರೂ ಕೂಡಿದ ಸಮುದಾಯದ ಎದುರಿನಲ್ಲಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಸಂಗ್ರಹಿಸಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಾಳುಗಳನ್ನು ನೇಮಿಸುವಂತೆ ಏರ್ಪಾಡಾಯಿತು. ಇದನ್ನು ಮೀರಿದವನು ರಾಜನಿಗೆ ಮಾತ್ರವಲ್ಲದೆ ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯೆಂದು ಶಾಸನವು ಘೋಷಿಸುತ್ತದೆ. ಇದು ಎರಡು ಸಮಯಗಳ ನಡುವಣ ಒಡಂಬಡಿಕೆ, ಕೊಲೆಯ ವಿಚಾರಣೆಯಲ್ಲ. ಆದುದರಿಂದ ಇದನ್ನು ಮಿತಿಮೀರಿ ಎಳೆಯಬಾರದು. ಆದರೂ ರಾಜಾಜ್ಞೆಯು ಸಮುದಾಯದ ಸಮಕ್ಷದಲ್ಲಿ ಹೊರಟಾಗ ಅದರ ಭಾರವೂ ಸಮುದಾಯದ ಮೇಲೆ ಹಂಚಿಹೋಗುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇತರ ದೇಶಗಳಲ್ಲಿಯೂ ಈ ವಿಷಯವೇ ಬೇರೆ ರೂಪದಿಂದ ಚರ್ಚಿತವಾಗಿದೆ. ಇಂಗ್ಲೆಂಡಿನಲ್ಲಿ ೧೨೧೫ರ ಮಹಾಶಾಸನವು ಸ್ವತಂತ್ರನಾದ ಯಾರನ್ನೂ ಆತನ ಸಮಾನರ ನ್ಯಾಯಬದ್ಧವಾದ ತೀರ್ಪಿನಿಂದಲೋ ನಾಡಿನ ಕಾನೂನಿನಿಂದಲೋ ಅಲ್ಲದೆ ಸೆರೆಹಿಡಿಯಕೂಡದೆಂದು ರಾಜನಿಂದ ಒಪ್ಪಿಗೆಯನ್ನು ಪಡೆಯಿತು. ಅದೇ ವರ್ಷ ರೋಮಿನ ಲ್ಯಾಟೆರನ್ ಪರಿಷತ್ತು ದಿವ್ಯಪರೀಕ್ಷೆಗಳಲ್ಲಿ ಪಾದ್ರಿಗಳು ಭಾಗವಹಿಸುವುದನ್ನು ನಿಷೇಧಿಸಿತು. ದಿವ್ಯವು ತೆರವು ಮಾಡಿದ ಸ್ಥಳದಲ್ಲಿ ಜೂರಿಯೆಂಬ ಸಭ್ಯಮಂಡಲವು ಕ್ರಮೇಣ ನೆಲೆಗೊಂಡಿತು. ನಡೆದುದೇನೆಂಬುದನ್ನು ಜೂರಿಯವರೂ, ಶಿಕ್ಷೆಯೇನೆಂಬುದನ್ನು ನ್ಯಾಯಾಧೀಶನೂ ಹೇಳುವ ಪದ್ಧತಿಯು ಬೃಹಸ್ಪತಿಯ ವಿಭಾಗಕ್ಕೆ ಅತ್ಯಂತ ಸಮೀಪವಾದುದು.

ಹಾಗೆಂದು ಹಲವರು ಕೂಡಿದಲ್ಲೆಲ್ಲಾ ಸತ್ಯವಿರುವುದೆಂದು ಹೇಳಲಾಗದು. ದೇವೀಭಾಗವತದ ಊರಜನರು ಹಲವರೇ. ಆದರೆ ಅವರು ಸಭೆಯಲ್ಲ, ಗುಂಪು. ಭಾರತದಲ್ಲಿ ೧೮೬೧ರ ಕ್ರಿಮಿನಲ್ ಪ್ರೊಸೀಜರ್ ಕೋಡು ಸರ್ಕಾರವು ಆರಿಸಿದ ಜಿಲ್ಲೆಗಳಲ್ಲಿ ಜೂರಿಗೆ ಅವಕಾಶವಿತ್ತಿತು. ಮುಂಬಯಿಯ ನಾನಾವತೀ ಮೊಕದ್ದಮೆಯಲ್ಲಿ ೧೯೫೯ರಲ್ಲಿ ಜೂರಿಯವರು ಎಂಟಕ್ಕೆ ಒಂದರಂತೆ ಆರೋಪಿಯನ್ನು ನಿರ್ದೋಷಿಯೆಂದರು. ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು ಅಪರಾಧವನ್ನು ಸ್ಥಾಪಿಸಿತು. ೧೯೬೧ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ೧೯೭೩ರ ಕೋಡಿನಲ್ಲಿ ಜೂರಿಗೆ ಎಡೆಯೇ ಉಳಿಯಲಿಲ್ಲ. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇಲ್ಲ. ಪರೀಕ್ಷೆಯೂ ದಂಡವೂ ಒಬ್ಬ ನ್ಯಾಯಾಧೀಶನಲ್ಲಿಯೇ ಕೂಡಿವೆ. ಆದರೆ ಅಪರಾಧವು ಸ್ಥಾಪಿತವಾದ ಮೇಲೆ ಶಿಕ್ಷೆಯ ವಿಷಯದಲ್ಲಿ ಆರೋಪಿಯನ್ನು ಪ್ರತ್ಯೇಕವಾಗಿ ಕೇಳಬೇಕೆಂಬ ನಿಯಮವೂ, ಮರಣದಂಡನೆಗೆ ವಿಶೇಷಕಾರಣಗಳನ್ನು ಬರೆದಿಡಬೇಕೆಂಬ ನಿಯಮವೂ ಎರಡರಲ್ಲಿಯೂ ಇವೆ. ೧೯೮೦ರ ಬಚನ್ ಸಿಂಗ್ ತೀರ್ಪು ಅಪರಾಧದ ಸಂದರ್ಭವನ್ನು ಮಾತ್ರವಲ್ಲದೆ ಅಪರಾಧಿಯ ಸಂದರ್ಭವನ್ನೂ ನೋಡಬೇಕೆಂದಿತು. ಕೈಯೊಂದೇ ಆದರೂ ಕೆಲಸಗಳೆರಡು ಎಂಬ ವಿವೇಕವು ಇದರಿಂದ ಉಳಿದಿದೆ. ಅಪೀಲೆಂಬ ದಾರಿಯೂ ಇದೆ. ಕಾಶೀರಾಜನ ಆಜ್ಞೆಗೆ ಅದೂ ಇರಲಿಲ್ಲ.

ಇನ್ನೊಂದು ಸೂಕ್ಷ್ಮವಾದ ಪ್ರಶ್ನೆಯು ಉಳಿದಿದೆ. ಕೊಂದನೆಂಬುದು ಒಂದು ಸಂಗತಿ. ದ್ವೇಷದಿಂದ ಕೊಂದನು, ಕ್ರೌರ್ಯದಿಂದ ಕೊಂದನು ಎಂಬುವು ಬೇರೆ ಸಂಗತಿಗಳು. ಮೊದಲನೆಯದರಿಂದ ಅಪರಾಧವು ಸಿದ್ಧವಾದರೆ, ಎರಡನೆಯ ವರ್ಗದವುಗಳಿಂದ ಶಿಕ್ಷೆಯು ಹೆಚ್ಚುತ್ತದೆ. ಈ ಎರಡನೆಯ ವರ್ಗದವುಗಳನ್ನು ಪರೀಕ್ಷಿಸತಕ್ಕವರು ಯಾರು? ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ೨೦೦೦ದಲ್ಲಿ ಬಂದ ಅಪ್ರೆಂಡಿ ಮೊಕದ್ದಮೆಯು ಇದೇ. ಹತ್ತು ವರ್ಷಗಳಿಗೆ ಮೀರದ ಶಿಕ್ಷೆಯುಳ್ಳ ಅಪರಾಧದಲ್ಲಿ ನ್ಯೂಜೆರ್ಸಿಯ ನ್ಯಾಯಾಧೀಶರು ವರ್ಣದ್ವೇಷವೇ ಉದ್ದೇಶವೆಂದು ತಾವೇ, ಅದೂ ಸಂಭಾವ್ಯತೆಯ ಆಧಿಕ್ಯದಿಂದ, ಕಂಡುಕೊಂಡು ಹನ್ನೆರಡು ವರ್ಷಗಳನ್ನು ವಿಧಿಸಿದ್ದರು. ಹಿಂದಿನ ಅಪರಾಧನಿರ್ಣಯವೊಂದನ್ನು ಬಿಟ್ಟು, ಕಾನೂನು ಹಾಕಿದ ಮೇರೆಯನ್ನು ಮೀರಿ ಶಿಕ್ಷೆಯನ್ನು ಹೆಚ್ಚಿಸುವ ಯಾವ ಸಂಗತಿಯನ್ನಾಗಲಿ ಜೂರಿಯ ಮುಂದಿಟ್ಟು ನಿಸ್ಸಂದೇಹವಾಗಿ ಸ್ಥಾಪಿಸಬೇಕೆಂದು ಐವರು ನ್ಯಾಯಮೂರ್ತಿಗಳು ನಾಲ್ವರಿಗೆ ವಿರೋಧವಾಗಿ ತೀರ್ಪಿತ್ತರು. ೨೦೦೪ರ ಬ್ಲೇಕ್ಲಿ ಮೊಕದ್ದಮೆಯಲ್ಲಿ ಇದೇ ನ್ಯಾಯದಿಂದ, ಐವತ್ತಮೂರು ತಿಂಗಳ ಮೇರೆಯನ್ನು ಮೀರಿ ತೊಂಬತ್ತು ತಿಂಗಳನ್ನು ವಿಧಿಸಿದುದು ತಳ್ಳಿಹಾಕಲ್ಪಟ್ಟಿತು. ೨೦೦೫ರ ಬೂಕರ್ ತೀರ್ಪಿನಲ್ಲಿ ಶಿಕ್ಷಾಸೂತ್ರಗಳನ್ನು ಕಡ್ಡಾಯವಲ್ಲದ ಸಲಹೆಗಳೆಂದು ಮಾಡಿದುದರಿಂದ, ಮೇರೆಯೊಳಗಿನ ಸಂಗತಿಗಳನ್ನು ನ್ಯಾಯಾಧೀಶನೇ ಕಂಡುಕೊಳ್ಳುವ ರೂಢಿಯು ಉಳಿದುಕೊಂಡಿತು.

ಈ ವಿಷಯದಲ್ಲಿ ಸ್ಮೃತಿಗಳ ಮತವೇನೆಂಬುದನ್ನು ನಿಷ್ಪಕ್ಷಪಾತವಾಗಿ ಹೇಳಬೇಕು. ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕರ್ಮ, ವಿತ್ತ ಇವುಗಳನ್ನು ಅರಿತು ದಂಡಿಸಬೇಕೆಂದು ಯಾಜ್ಞವಲ್ಕ್ಯನೂ, ಅನುಬಂಧವನ್ನು ಚೆನ್ನಾಗಿ ತಿಳಿದು ದಂಡಿಸಬೇಕೆಂದು ಮನುವೂ ಹೇಳಿರುವರು. ಆದರೆ ಯಾಜ್ಞವಲ್ಕ್ಯನ ಆ ವಚನವಿರುವುದು ವ್ಯವಹಾರಾಧ್ಯಾಯದಲ್ಲಿ ಅಲ್ಲ, ಆಚಾರಾಧ್ಯಾಯದ ರಾಜಧರ್ಮದಲ್ಲಿ. ಎಂದರೆ ದಂಡವನ್ನು ಏರಿಳಿಸುವ ಸಂಗತಿಗಳ ಅರಿವನ್ನು ರಾಜನ ವಿವೇಕಕ್ಕೆ ಬಿಟ್ಟಂತೆ ತೋರುತ್ತದೆ. ಇಲ್ಲಿ ಶಾಸ್ತ್ರದಲ್ಲಿ ಒಂದು ಸಂದಿಯುಂಟೆಂದು ಒಪ್ಪಬೇಕು. ಆ ಸಂದಿಯನ್ನು ಮುಚ್ಚುವುದಕ್ಕೆ ಶಾಸ್ತ್ರದೊಳಗೇ ಸಾಧನವಿದೆ. ಅರಿಯಬೇಕೆಂದು ವಿಧಿಯಿರುವಲ್ಲಿ ಊಹಿಸಿದರೆ ಸಾಲದು. ಯುಕ್ತಿಹೀನವಾದ ವಿಚಾರದಿಂದ ಧರ್ಮಹಾನಿಯಾಗುವುದೆಂದು ಬೃಹಸ್ಪತಿಯೇ ಎಚ್ಚರಿಸಿದ್ದಾನೆ. ಒಂದು ದಿನದ ಸೆರೆಯನ್ನು ಹೆಚ್ಚಿಸುವ ಸಂಗತಿಯೂ ಸಂಗತಿಯೇ. ಆದುದರಿಂದ ಅದೂ ಪರೀಕ್ಷೆಗೆ ಒಳಗಾಗತಕ್ಕ ಕಾರ್ಯವೇ. ದಂಡವೆಂಬ ಹೆಸರಿನ ಹಿಂದೆ ಅದನ್ನು ಮರೆಮಾಡುವುದು ಬೃಹಸ್ಪತಿಯ ವಿಭಾಗವನ್ನು ಹಿಂಬಾಗಿಲಿನಿಂದ ಅಳಿಸಿದಂತೆ.

ಮಾಂಡವ್ಯಕಥೆಯ ಉತ್ತರಭಾಗವು ಇದಕ್ಕೇ ಸಾಕ್ಷಿ. ಶೂಲದ ಕೊನೆಯನ್ನು ಮೈಯಲ್ಲಿ ಹೊತ್ತ ಋಷಿಯು ಯಮನ ಸಭೆಗೆ ಹೋಗಿ ತನ್ನ ಅಪರಾಧವೇನೆಂದು ಕೇಳುತ್ತಾನೆ. ಬಾಲ್ಯದಲ್ಲಿ ಹುಳುಗಳಿಗೆ ಕಡ್ಡಿಯನ್ನು ಚುಚ್ಚಿದ ಫಲವೆಂದು ಯಮನು ಉತ್ತರವೀಯುತ್ತಾನೆ. ಇಲ್ಲಿ ಸಂಗತಿಯು ಸುಳ್ಳಲ್ಲ. ಆದರೆ ವಯಸ್ಸೆಂಬ ಸಂಗತಿಯನ್ನು ಎಣಿಸದೆ ದಂಡವು ಬೆಳೆದಿತ್ತು. ಋಷಿಯು ಹದಿನಾಲ್ಕು ವರ್ಷಗಳವರೆಗೆ ಪಾತಕವಿಲ್ಲವೆಂದು ಮೇರೆಯನ್ನು ಕಟ್ಟಿ, ಯಮನಿಗೇ ಮನುಷ್ಯಜನ್ಮವನ್ನು ಶಾಪವಾಗಿತ್ತನು. ವಿದುರನ ಜನ್ಮಕ್ಕೆ ಇದೇ ಕಾರಣ. ಭೂಲೋಕದ ರಾಜನು ಸಂಗತಿಯನ್ನು ತಪ್ಪಾಗಿ ಕಂಡನು. ಧರ್ಮರಾಜನು ದಂಡವನ್ನು ತಪ್ಪಾಗಿ ಅಳೆದನು. ಒಂದೇ ಕಥೆಯಲ್ಲಿ ಎರಡು ತಪ್ಪುಗಳನ್ನೂ ಬೇರೆಬೇರೆಯಾಗಿ ಇಟ್ಟು ತೋರಿಸಿರುವುದು ಆ ಕಥೆಯ ವೈಶಿಷ್ಟ್ಯ.

ಈಗ ಹರಿಶ್ಚಂದ್ರನಿಗೆ ಅಂಟಿಸಲ್ಪಡುವ ಒಂದು ಆಕ್ಷೇಪವನ್ನು ಪರಿಹರಿಸುವುದು ಸುಲಭವಾಗುತ್ತದೆ. ನಿರಪರಾಧಿನಿಯೆಂದು ಬಲ್ಲವಳ ಮೇಲೆ ಖಡ್ಗವನ್ನೆತ್ತಿದವನು ಧರ್ಮಾತ್ಮನು ಹೇಗಾದಾನೆಂದು ಆಧುನಿಕ ವಾಚಕರು ಕೇಳುವರು. ಕೇಳುವುದು ಯುಕ್ತವೂ ಹೌದು. ತೀರ್ಪಿನಲ್ಲಿ ಅಧರ್ಮವಾದಾಗ ಅದರ ಒಂದು ಪಾದವು ಮಾಡಿದವನಿಗೂ, ಒಂದು ಸಾಕ್ಷಿಗೂ, ಒಂದು ಸಭಾಸದರಿಗೂ, ಒಂದು ರಾಜನಿಗೂ ಸೇರುವುದೆಂದು ಮನುವಿನ ಹಂಚಿಕೆ. ಇದರಲ್ಲಿ ವಧಕನ ಹೆಸರಿಲ್ಲ. ಸಾಕ್ಷಿಯನ್ನೂ ಸಭ್ಯರನ್ನೂ ಕರೆಯದ ರಾಜನು ಅವರ ಸ್ಥಾನಗಳನ್ನು ತಾನೇ ತುಂಬಿದುದರಿಂದ, ಅವರ ಪಾದಗಳೂ ಆತನ ಮೇಲೆಯೇ ಬೀಳುವುವೆಂದು ಊಹಿಸುವುದು ನ್ಯಾಯ್ಯವಾಗಿದೆ. ಕಾವ್ಯವು ಹರಿಶ್ಚಂದ್ರನನ್ನು ಪರೀಕ್ಷೆಗೆ ಗುರಿಮಾಡಿತೆಂದು ಎಲ್ಲರೂ ಹೇಳುವರು. ಅದೇ ಕಾವ್ಯವು ಕಾಶಿಯ ಸಿಂಹಾಸನವನ್ನೂ ಪರೀಕ್ಷೆಗೆ ಗುರಿಮಾಡಿತು. ಹರಿಶ್ಚಂದ್ರನು ಗೆದ್ದನು, ಸಿಂಹಾಸನವು ಸೋತಿತು.

ಕವಿಯಲ್ಲಿ ಒಂದು ನ್ಯೂನತೆಯನ್ನು ಹೇಳುವುದಾದರೆ ಅದು ಕೊನೆಯಲ್ಲಿದೆ. ವಿಶ್ವೇಶ್ವರನ ಆಗಮನದಿಂದ ಸತ್ತವರು ಬದುಕುತ್ತಾರೆ, ಸೋತವರು ಗೆಲ್ಲುತ್ತಾರೆ. ಆ ಸಂಭ್ರಮದಲ್ಲಿ ಅನ್ಯಾಯದ ಆಜ್ಞೆಯೊಂದು ಹೇಗೆ ಹೊರಟಿತೆಂಬುದು ಓದುಗರ ಮನಸ್ಸಿನಿಂದ ಜಾರಿಹೋಗುತ್ತದೆ. ಶಿವಭಕ್ತನಾದ ಕವಿಗೆ ಅನುಗ್ರಹವೇ ಪರಮವಾದುದು ಸಹಜ. ಅದನ್ನು ದೋಷವೆನ್ನುವುದಕ್ಕಿಂತ ಮತಧರ್ಮದ ಫಲವೆನ್ನುವುದು ಮೇಲು. ಆದರೆ ತರಗತಿಯಲ್ಲಿ ಈ ಭಾಗವನ್ನು ಪಾಠಹೇಳುವ ಉಪಾಧ್ಯಾಯರು ಖಡ್ಗದ ಮುಂದೆ ದೇವರು ಬಂದನೆಂಬಲ್ಲಿಗೆ ನಿಲ್ಲಿಸದೆ, ದೇವರು ಬರಬೇಕಾಗುವ ತನಕ ವಿಷಯವು ಏಕೆ ಹೋಯಿತೆಂಬುದನ್ನೂ ವಿದ್ಯಾರ್ಥಿಗಳಿಂದ ವಿಚಾರಮಾಡಿಸಬೇಕು. ಮಿತಾಕ್ಷರೆಯ ಸಭಾಪ್ರಕರಣವನ್ನೂ ದುರ್ಗಸಿಂಹನ ಆಲದ ಮರದ ಕಥೆಯನ್ನೂ ಇದರ ಮಗ್ಗುಲಲ್ಲಿಟ್ಟು ಓದಿಸಿದರೆ, ಕಾವ್ಯದ ಕರುಣವು ಕಡಮೆಯಾಗುವುದಿಲ್ಲ; ಆ ಕರುಣಕ್ಕೆ ಕಾರಣವಾದುದು ವಿಧಿಯಲ್ಲ, ಯಾರೂ ಕೇಳದೆ ಬಿಟ್ಟ ಮೂರು ಪ್ರಶ್ನೆಗಳೆಂಬುದು ವಿದ್ಯಾರ್ಥಿಗಳಿಗೆ ತಿಳಿಯುತ್ತದೆ.